ಎಚ್ಚರಿಕೆ ಪುಕ್ಕಟೆ, ಪಾಲನೆಗೆ ದುಡ್ಡು ಬೇಕು

ಬೇಸಿಗೆ ಶುರುವಾಯಿತೆಂದರೆ ನಮ್ಮ ಫೋನುಗಳಿಗೆ ಮೂರು ಬಗೆಯ ಸಂದೇಶಗಳು ಬರತೊಡಗುತ್ತವೆ. ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ. ಗುಡುಗು ಸಿಡಿಲಿನ ವೇಳೆ ಮರದ ಕೆಳಗೆ ನಿಲ್ಲಬೇಡಿ. ಒಣಹುಲ್ಲಿನ ಹತ್ತಿರ ಬೆಂಕಿ ಹಚ್ಚಬೇಡಿ. ಮೂರೂ ಸರಿಯಾದ ಮಾತುಗಳೇ. ಆದರೆ ಹೊರಗೆ ಹೋಗದಿದ್ದರೆ ಆ ಮೂರು ಗಂಟೆಯ ಕೂಲಿ ಯಾರು ಕೊಡುತ್ತಾರೆ, ಮರದ ಕೆಳಗೆ ನಿಲ್ಲದಿದ್ದರೆ ಕುರಿ ಕಾಯುವವನು ಬಯಲಿನಲ್ಲಿ ಎಲ್ಲಿಗೆ ಹೋಗಬೇಕು ಎಂಬುದನ್ನು ಯಾವ ಸಂದೇಶವೂ ಹೇಳುವುದಿಲ್ಲ. ಎಚ್ಚರಿಕೆ ಪುಕ್ಕಟೆ ಸಿಗುತ್ತದೆ. ಅದನ್ನು ಪಾಲಿಸಲು ಖರ್ಚಾಗುತ್ತದೆ. ಆ ಖರ್ಚನ್ನು ಕಡಿಮೆ ಮಾಡದೆ ಎಚ್ಚರಿಕೆಯನ್ನು ಮಾತ್ರ ಹೆಚ್ಚಿಸುತ್ತಾ ಹೋದರೆ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನಾನು ಇದನ್ನು ಲೆಕ್ಕದ ಮೂಲಕವೇ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಈ ಎಚ್ಚರಿಕೆ ಎಲ್ಲಿಂದ ಬರುತ್ತದೆ ನೋಡೋಣ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆ ಪ್ರತಿದಿನ ಇಡೀ ದೇಶಕ್ಕೆ ಅನ್ವಯಿಸುವ ಒಂದು ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ದೇಶವನ್ನು 36 ಉಪವಿಭಾಗಗಳಾಗಿ ಮಾಡಿಕೊಂಡಿದ್ದಾರೆ. ನಮ್ಮ ರಾಜ್ಯಕ್ಕೆ ಅದರಲ್ಲಿ ಮೂರು ಪಾಲು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಾವು ಉತ್ತರ ಒಳನಾಡಿನವರು. ಮುಂದಿನ ಮೂರು ದಿನಗಳವರೆಗಿನ ಮುನ್ಸೂಚನೆಗೆ ಅಲ್ಪಾವಧಿ ಮುನ್ಸೂಚನೆ ಎನ್ನುತ್ತಾರೆ. ಇದಲ್ಲದೆ ಮುಂದಿನ ಮೂರು ಗಂಟೆಗಳಿಗೆ ಮಾತ್ರ ಅನ್ವಯಿಸುವ ತಕ್ಷಣದ ಮುನ್ಸೂಚನೆಯೂ ಇದೆ. ಗುಡುಗು ಮಳೆಗೆ ಹೆಚ್ಚು ಉಪಯೋಗವಾಗುವುದು ಇದೇ.

ಬುಲೆಟಿನ್‌ನ ಭಾಷೆಗೆ ತನ್ನದೇ ಅರ್ಥವಿದೆ. 'ಒಂದೆರಡು ಕಡೆ ಮಳೆ' ಎಂದರೆ ಆ ಉಪವಿಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚಿಲ್ಲದಷ್ಟು ಕಡೆ ಮಳೆ. 'ಕೆಲವು ಕಡೆ' ಎಂದರೆ 26ರಿಂದ 50. 'ಹಲವು ಕಡೆ' ಎಂದರೆ 51ರಿಂದ 75. 'ಬಹುತೇಕ ಕಡೆ' ಎಂದರೆ ಅದಕ್ಕೂ ಹೆಚ್ಚು. ಬಣ್ಣಗಳಿಗೂ ಹೀಗೆಯೇ ಅರ್ಥವಿದೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನಿಸುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಟಿವಿಯಲ್ಲಿ 'ರೆಡ್ ಅಲರ್ಟ್' ಎಂದು ಕೂಗುವಾಗ ಅದು ಹೆದರಿಸುವ ಮಾತಿನಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಅದು ಮಾಡಬೇಕಾದ ಕೆಲಸವನ್ನು ಸೂಚಿಸುವ ಬಣ್ಣ. ಹಾಗಾದರೆ ಯಾರು, ಏನು ಮಾಡಬೇಕು ಎಂಬ ಪ್ರಶ್ನೆ ಬಣ್ಣದ ಜೊತೆಗೇ ಬರಬೇಕಲ್ಲವೇ?

ಝಳ, ಸಿಡಿಲು, ಬೆಂಕಿ ಇವು ಮೂರು ಬೇರೆ ಬೇರೆ ಅಪಾಯಗಳೆಂದು ನಾವು ತಿಳಿಯುತ್ತೇವೆ. ಬೇರು ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಬೆಳಿಗ್ಗೆಯಿಂದ ಕಾಯುತ್ತದೆ. ಕಾದ ನೆಲ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಆ ಬಿಸಿಗಾಳಿ ಮೇಲಕ್ಕೆ ಏರುತ್ತದೆ. ಇದೇ ದಿನಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ವಾಯುಭಾರ ಕಡಿಮೆ ಇರುವ ಉದ್ದನೆಯ ಪಟ್ಟಿಯೊಂದು ಆಗಾಗ ಮೂಡುತ್ತದೆ. ಬುಲೆಟಿನ್‌ಗಳಲ್ಲಿ ಇದನ್ನು ಟ್ರಫ್ ಎನ್ನುತ್ತಾರೆ. ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿಯೂ ಒಳನಾಡಿನ ಒಣ ಗಾಳಿಯೂ ಅಲ್ಲಿ ಕೂಡುತ್ತವೆ. ಮೇಲೇರಿದ ತೇವ ಮಧ್ಯಾಹ್ನ ಕಳೆದ ಮೇಲೆ ಎತ್ತರದ ಕಪ್ಪು ಮೋಡವಾಗಿ ಗುಡುಗುತ್ತದೆ. ಮೋಡದ ಕೆಳಗಿನ ಹವೆ ತೀರಾ ಒಣಗಿದ್ದರೆ ಹನಿಗಳು ನೆಲ ಮುಟ್ಟುವ ಮೊದಲೇ ಆರಿಹೋಗುತ್ತವೆ. ಆಗ ಬಿರುಗಾಳಿ ಬರುತ್ತದೆ, ಸಿಡಿಲು ಬೀಳುತ್ತದೆ, ಮಳೆ ಮಾತ್ರ ನಾಲ್ಕು ಹನಿ. ಅಂಥ ಗಾಳಿಯ ಎದುರಿಗೆ ತಿಂಗಳುಗಟ್ಟಲೆ ಒಣಗಿದ ಹುಲ್ಲೋ ಬಣವೆಯೋ ಇದ್ದರೆ ಒಂದು ಕಿಡಿ ಸಾಕು.

ಈ ಮೂರರಲ್ಲಿ ಬೆಂಕಿಯ ವಿಷಯಕ್ಕೆ ನಾವು ಕೊಡುವ ಗಮನ ಅತಿ ಕಡಿಮೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟಾಗ ಇಡೀ ರಾಜ್ಯ ಅದರ ಬಗ್ಗೆ ಮಾತಾಡಿತು. ಕಾಡಿನ ಬೆಂಕಿಯನ್ನು ಡೆಹ್ರಾಡೂನ್‌ನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹಗಳಿಂದ ಗಮನಿಸಿ ಅರಣ್ಯ ಸಿಬ್ಬಂದಿಗೆ ಸಂದೇಶ ಕಳಿಸುತ್ತದೆ. ನಮ್ಮ ಬಿಸಿಲನಾಡಿನಲ್ಲಿ ಕಾಡು ಕಡಿಮೆ. ಇಲ್ಲಿ ಉರಿಯುವುದು ಜೋಳದ ಕಣಿಕೆಯ ಬಣವೆ. ಒಂದು ಬಣವೆ ಎಂದರೆ ಒಂದು ಜೋಡಿ ಎತ್ತಿನ ವರ್ಷದ ಮೇವು. ಪಕ್ಕದ ಹೊಲದಲ್ಲಿ ಬದುವಿನ ಕಸಕ್ಕೆ ಹಚ್ಚಿದ ಬೆಂಕಿ ಗಾಳಿ ತಿರುಗಿ ಬಂದು ಬಣವೆ ಹತ್ತಿಕೊಂಡಿತೆಂದರೆ ಆ ಮನೆಯವರು ಮುಂಗಾರಿನ ಮೊದಲೇ ಎತ್ತು ಮಾರಬೇಕಾಗುತ್ತದೆ. ಕಾಡಿಗೆ ಉಪಗ್ರಹದ ಕಾವಲಿದೆ, ಬಣವೆಗೆ ಯಾರ ಕಾವಲೂ ಇಲ್ಲ. 'ನಾಳೆ ಗಾಳಿ ಗಂಟೆಗೆ 40ರಿಂದ 50 ಕಿ.ಮೀ. ಬೀಸಬಹುದು' ಎಂಬ ಸಾಲನ್ನು ನಾವು ಮಳೆಯ ಸುದ್ದಿಯಾಗಿ ಮಾತ್ರ ಓದುತ್ತೇವೆ. ನಾಳೆ ಹೊಲದಲ್ಲಿ ಬೆಂಕಿ ಹಚ್ಚಬಾರದು ಎಂಬ ಅರ್ಥವೂ ಅದರಲ್ಲಿದೆ.

ಸಿಡಿಲಿನ ಲೆಕ್ಕ ಇನ್ನೂ ಕಠಿಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿನಿಂದ ಸತ್ತವರು 2,887. ಅದೇ ವರ್ಷ ಬಿಸಿಲಿನ ಹೊಡೆತದಿಂದ ಸತ್ತವರೆಂದು ದಾಖಲಾದವರು 730. ಬಿಸಿಲಿನ ಸಂಖ್ಯೆ ಕಡಿಮೆ ಕಾಣುವುದಕ್ಕೆ ಒಂದು ಕಾರಣವಿದೆ. ಸಿಡಿಲು ಬಡಿದರೆ ಯಾರಿಗೂ ಸಂಶಯವಿರುವುದಿಲ್ಲ. ಝಳದಿಂದ ಸತ್ತವರ ಸಾವು ಬಹಳ ಸಲ ಹೃದಯಾಘಾತವೆಂದೋ ಕಿಡ್ನಿ ಕೆಟ್ಟು ಆದದ್ದೆಂದೋ ದಾಖಲೆ ಸೇರುತ್ತದೆ. ಲೆಕ್ಕಶಾಸ್ತ್ರದಲ್ಲಿ ನಾವು ಕಲಿತದ್ದೇ ಇಲ್ಲಿಯೂ ನಿಜ: ಪುಸ್ತಕದಲ್ಲಿ ಬರೆಯದ ನಷ್ಟವೂ ನಷ್ಟವೇ.

ಈಗ ನಮ್ಮ ಕಡೆಯ ಒಂದು ವಿಶೇಷ ತೊಂದರೆಗೆ ಬರುತ್ತೇನೆ. ಹವಾಮಾನ ಇಲಾಖೆ 'ಬಿಸಿಗಾಳಿ' ಎಂದು ಘೋಷಿಸಲು ನಿಯಮಗಳಿವೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿಯಾದರೂ ಇರಬೇಕು. ಜೊತೆಗೆ ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೇ ವಾಡಿಕೆ ಎಷ್ಟೇ ಇದ್ದರೂ 45 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಸಾಕು. ಒಂದು ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಹೀಗೆ ಆದರೆ ಎರಡನೆಯ ದಿನ ಬಿಸಿಗಾಳಿ ಎಂದು ಘೋಷಿಸುತ್ತಾರೆ.

ನಿಯಮ ಮಾಡಿದವರ ಯೋಚನೆ ನನಗೆ ಅರ್ಥವಾಗುತ್ತದೆ. ಕರಾವಳಿಯವರಿಗೆ 38 ಡಿಗ್ರಿ ಅಭ್ಯಾಸವಿಲ್ಲ, ಅಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಆದರೆ ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ ಇಲ್ಲಿ 44 ಡಿಗ್ರಿ ಬಂದರೂ ವಾಡಿಕೆಗಿಂತ ನಾಲ್ಕೇ ಡಿಗ್ರಿ ಹೆಚ್ಚು, ಲೆಕ್ಕದಲ್ಲಿ ಅದು ಬಿಸಿಗಾಳಿ ಆಗುವುದಿಲ್ಲ. ನಮಗೆ ಅಭ್ಯಾಸವಿದೆ ಎಂಬುದು ನಿಜ. ನಮ್ಮ ದಾದಿ ಧೂಪ್‌ಕಾಲಾ ಬಂತೆಂದರೆ ಹೊರಗೆ ಹೋಗುವವರ ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟೇ ಕಳಿಸುತ್ತಾರೆ. ಆದರೆ ಅಭ್ಯಾಸಕ್ಕೂ ಒಂದು ಮಿತಿಯಿದೆ. ಮನುಷ್ಯನ ದೇಹದ ಒಳಗಿನ ಉಷ್ಣಾಂಶ 37 ಡಿಗ್ರಿ. ಅದು ಮಂಗಳೂರಿನಲ್ಲೂ ಅಷ್ಟೇ, ಕಲಬುರಗಿಯಲ್ಲೂ ಅಷ್ಟೇ. ಇನ್ನೊಂದು ಮಾತು: ಬುಲೆಟಿನ್‌ನಲ್ಲಿ ಬರುವ ಡಿಗ್ರಿ ನೆರಳಿನ ಡಿಗ್ರಿ. ಉಷ್ಣಮಾಪಕವನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ಒಂದೂಕಾಲು ಮೀಟರಿನಷ್ಟು ಮೇಲೆ ಇಟ್ಟಿರುತ್ತಾರೆ. ಕಾದ ಸಿಮೆಂಟ್ ನೆಲದ ಮೇಲೆ, ಬಿಸಿಲಿನಲ್ಲಿ, ಬೆನ್ನ ಮೇಲೆ ಚೀಲ ಹೊತ್ತವನ ಡಿಗ್ರಿಯನ್ನು ಯಾರೂ ಅಳೆಯುವುದಿಲ್ಲ. ಬಿಸಿಗಾಳಿಯ ಘೋಷಣೆ ಇಲ್ಲದ ದಿನ ಅಪಾಯವಿಲ್ಲದ ದಿನವಾಗಿರಬೇಕಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಮುನ್ಸೂಚನೆಯನ್ನು ಬಳಸುವವರಿಗೆ ಒಂದು ಸರಳ ಸೂತ್ರವಿದೆ. ರಕ್ಷಣೆಯ ಖರ್ಚನ್ನು, ರಕ್ಷಣೆ ಇಲ್ಲದಿದ್ದರೆ ಆಗುವ ನಷ್ಟದಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಅಪಾಯದ ಸಾಧ್ಯತೆ ಹೆಚ್ಚಿದ್ದರೆ ಖರ್ಚು ಮಾಡುವುದೇ ಲಾಭ.

ಒಂದು ಉದಾಹರಣೆ ಇಟ್ಟುಕೊಳ್ಳಿ. ವ್ಯಾಪಾರಿಯೊಬ್ಬರ ಮೆಣಸಿನಕಾಯಿ ಬಯಲಿನಲ್ಲಿ ರಾಶಿ ಬಿದ್ದಿದೆ. ಸಂಜೆ ಮಳೆ ಬರುವ ಸಾಧ್ಯತೆ ಐದರಲ್ಲಿ ಒಂದು. ತಾಡಪತ್ರಿ ಹೊದಿಸಲು 300 ರೂಪಾಯಿ ಖರ್ಚು. ನೆನೆದರೆ 6,000 ರೂಪಾಯಿ ನಷ್ಟ. 300ನ್ನು 6,000ದಿಂದ ಭಾಗಿಸಿದರೆ ನೂರಕ್ಕೆ 5. ಮಳೆಯ ಸಾಧ್ಯತೆ ನೂರಕ್ಕೆ 20. ಹೊದಿಸಬೇಕು, ಯೋಚನೆಯೇ ಬೇಡ. ಇಂಥ 20 ದಿನ ಹೊದಿಸಿದರೆ 6,000 ಖರ್ಚು. ಹೊದಿಸದಿದ್ದರೆ ಸರಾಸರಿ ನಾಲ್ಕು ಸಲ ನೆನೆದು 24,000 ನಷ್ಟ. 'ಹವಾಮಾನ ಇಲಾಖೆ ಹೇಳಿದ್ದು ಯಾವತ್ತು ನಿಜವಾಗಿದೆ?' ಎಂದು ನಗುವವರಿಗೆ ಉತ್ತರವೂ ಇದರಲ್ಲಿದೆ. 20 ದಿನಗಳಲ್ಲಿ 16 ದಿನ ಮಳೆ ಬರಲಿಲ್ಲ, ಆದರೂ ಆ ಮುನ್ಸೂಚನೆ ವ್ಯಾಪಾರಿಗೆ 18,000 ರೂಪಾಯಿ ಉಳಿಸಿತು.

ಇದೇ ಸೂತ್ರವನ್ನು ಆ ಮೆಣಸಿನಕಾಯಿ ಚೀಲ ಹೊರುವವರಿಗೆ ಹಾಕಿ ನೋಡಿ. ನನ್ನ ಅಬ್ಬಾ ಹಮಾಲಿ ಮಾಡುತ್ತಾರೆ. ಅವರಿಗೆ ಸಿಗುವುದು ಗಂಟೆಯ ಲೆಕ್ಕದ ಸಂಬಳವಲ್ಲ, ಚೀಲದ ಲೆಕ್ಕದ ಕೂಲಿ. ಚೀಲ ಹೊತ್ತರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನ ಕೆಲಸ ಬಿಟ್ಟರೆ ಒಬ್ಬ ಹಮಾಲರಿಗೆ 400 ರೂಪಾಯಿ ಹೋಗುತ್ತದೆ ಎಂದುಕೊಳ್ಳಿ. ಬಿಸಿಲು ಬಡಿದು ಆಸ್ಪತ್ರೆ ಸೇರಿದರೆ 20,000 ಖರ್ಚು ಎಂದುಕೊಳ್ಳಿ. ಒಂದು ದಿನ ಹಾಗಾಗುವ ಸಾಧ್ಯತೆ ನೂರರಲ್ಲಿ ಒಂದು ಎಂದುಕೊಳ್ಳಿ. 400ನ್ನು 20,000ದಿಂದ ಭಾಗಿಸಿದರೆ ನೂರಕ್ಕೆ 2. ಅಪಾಯ ನೂರಕ್ಕೆ 1 ಮಾತ್ರ. ಸೂತ್ರದ ಪ್ರಕಾರ ಅವರು ಕೆಲಸಕ್ಕೆ ಹೋಗಬೇಕು! ಬಿಸಿಲಿನಲ್ಲಿ ದುಡಿಯುವವರಿಗೆ ತಿಳಿವಳಿಕೆ ಇಲ್ಲ, ಜಾಗೃತಿ ಮೂಡಿಸಬೇಕು ಎಂದು ಭಾಷಣ ಮಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ನಾನು ನಾಳೆಯ ಬಣ್ಣ ಕಿತ್ತಳೆ ಎಂದು ಹೇಳಿದಾಗ ಅಬ್ಬಾ ಕೇಳಿದ್ದು ಒಂದೇ ಮಾತು: "ರಂಗ್ ದೇಕೆ ತೊ ಪೇಟ್ ಭರ್ತಾ ಕ್ಯಾ, ಬೇಟಾ?" ಬಣ್ಣ ನೋಡಿದರೆ ಹೊಟ್ಟೆ ತುಂಬುತ್ತದೇನು ಎಂದು. ಅವರು ಶಾಲೆ ಓದಿದ್ದು ನಾಲ್ಕನೆಯ ತರಗತಿ. ಆದರೆ ಖರ್ಚು ಮತ್ತು ನಷ್ಟದ ತಕ್ಕಡಿ ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.

ಆದರೆ ಆ ಲೆಕ್ಕದ ಒಳಗೆ ಎರಡು ಗುಂಡಿಗಳಿವೆ. ಮೊದಲನೆಯದು, ನೂರರಲ್ಲಿ ಒಂದು ಎಂಬುದು ಒಂದು ದಿನದ ಮಾತು. ಅಷ್ಟೇ ಅಪಾಯದ 40 ದಿನಗಳನ್ನು ಕೂಡಿಸಿದರೆ, ಬೇಸಿಗೆ ಮುಗಿಯುವುದರೊಳಗೆ ಒಮ್ಮೆಯಾದರೂ ಬಿಸಿಲು ಬಡಿಯುವ ಸಾಧ್ಯತೆ ಹೆಚ್ಚುಕಡಿಮೆ ಮೂರರಲ್ಲಿ ಒಂದು. ದಿನದಿನದ ಲೆಕ್ಕದಲ್ಲಿ ಸರಿ ಎನಿಸಿದ್ದು ಋತುವಿನ ಲೆಕ್ಕದಲ್ಲಿ ಭಯಂಕರವಾಗುತ್ತದೆ. ಎರಡನೆಯದು, ನಷ್ಟದ ಕಾಲಂನಲ್ಲಿ ನಾನು ಆಸ್ಪತ್ರೆಯ ಬಿಲ್ ಮಾತ್ರ ಬರೆದೆ. ಜೀವ ಹೋದರೆ ಏನು ಬರೆಯಬೇಕು? ಅದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸೂತ್ರದಲ್ಲೇ ಉತ್ತರವಿದೆ. ಬಿಸಿಲನ್ನು ನಾವು ಕಡಿಮೆ ಮಾಡಲಾರೆವು. ಎಚ್ಚರಿಕೆಯನ್ನು ದೊಡ್ಡ ದನಿಯಲ್ಲಿ ಹೇಳಿದರೂ ಲೆಕ್ಕ ಬದಲಾಗುವುದಿಲ್ಲ. ಬದಲಾಯಿಸಬಹುದಾದದ್ದು ಆ 400 ರೂಪಾಯಿಯನ್ನು. ಅದೇ ಕೆಲಸ ಬೆಳಿಗ್ಗೆ 5ಕ್ಕೆ ಶುರುವಾಗಿ 11ಕ್ಕೆ ನಿಂತು ಸಂಜೆ ಮತ್ತೆ ನಡೆದರೆ ಹೊರುವ ಚೀಲಗಳು ಅಷ್ಟೇ ಇರುತ್ತವೆ, ಕೂಲಿಯೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಎಚ್ಚರಿಕೆ ಪಾಲಿಸುವ ಖರ್ಚು 400ರಿಂದ 50ಕ್ಕೆ ಇಳಿದರೆ ಯಾರಿಗೂ ಭಾಷಣ ಮಾಡಬೇಕಾಗಿಲ್ಲ, ಅವರೇ ಪಾಲಿಸುತ್ತಾರೆ.

ಇದು ಆಗದ ಮಾತೇನೂ ಅಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ಪದ್ಧತಿ ಮೊದಲಿನಿಂದಲೂ ಇದೆ. ಫ್ಯಾನಿನ ಕೆಳಗೆ ಕುಳಿತು ಕೆಲಸ ಮಾಡುವವರಿಗೆ ಬಿಸಿಲಿನ ಕಾರಣಕ್ಕೆ ಸಮಯ ಬದಲಾಗುತ್ತದೆ, ಸಂಬಳ ಕಡಿತವಾಗುವುದಿಲ್ಲ. ಅದು ಒಳ್ಳೆಯ ಪದ್ಧತಿ, ಅದನ್ನು ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಆ ನೆರಳು ಇನ್ನೂ ಸ್ವಲ್ಪ ದೂರ ಚಾಚಲಿ ಎನ್ನುತ್ತೇನೆ. ನಮ್ಮ ಧರ್ಮವೂ ಇದನ್ನು ಬಲ್ಲದು. ಸುಡುಬಿಸಿಲಿನ ದಿನ ಝುಹರ್ ನಮಾಜನ್ನು ಸ್ವಲ್ಪ ತಂಪಾಗುವವರೆಗೆ ತಡವಾಗಿ ಮಾಡಲು ಹದೀಸ್‌ನಲ್ಲಿ ಅವಕಾಶವಿದೆ. ನಮಾಜಿನ ವೇಳೆಯೇ ಬಿಸಿಲಿಗೆ ಹೊಂದಿಕೊಳ್ಳುವುದಾದರೆ ಚೀಲ ಇಳಿಸುವ ವೇಳೆ ಯಾಕೆ ಹೊಂದಿಕೊಳ್ಳಬಾರದು?

ಪಾಲಿಸುವ ಶಕ್ತಿ ಇಲ್ಲದವರಿಗೆ ಎಚ್ಚರಿಕೆ ಎಷ್ಟು ಕಡಿಮೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ 2024ರ ಹಜ್ ಸಾಕ್ಷಿ. ಆ ವರ್ಷ ಜೂನ್ 17ರಂದು ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ದಾಖಲಾಯಿತು. ಬಿಸಿಲು ಹೆಚ್ಚಿರುತ್ತದೆ ಎಂದು ಅಲ್ಲಿನ ಅಧಿಕಾರಿಗಳು ಮೊದಲೇ ಹೇಳಿದ್ದರು, ಛತ್ರಿ ಹಿಡಿಯಿರಿ, ನೀರು ಕುಡಿಯಿರಿ ಎಂದು ಸಾರಿದ್ದರು. ಆದರೂ 1,301 ಜನ ತೀರಿಕೊಂಡರು. ಅವರಲ್ಲಿ ನೂರಕ್ಕೆ 83 ಮಂದಿ ಅಧಿಕೃತ ಅನುಮತಿ ಇಲ್ಲದೆ ಬಂದವರು ಎಂದು ಸೌದಿ ಸರ್ಕಾರ ತಿಳಿಸಿತು. ಅನುಮತಿ ಇಲ್ಲದವರಿಗೆ ತಂಪಾದ ಟೆಂಟ್ ಇರಲಿಲ್ಲ, ಬಸ್ ಇರಲಿಲ್ಲ, ಮೈಲಿಗಟ್ಟಲೆ ನೇರ ಬಿಸಿಲಿನಲ್ಲಿ ನಡೆದರು. ನಿಯಮ ಮೀರಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮುನ್ಸೂಚನೆ ಎಲ್ಲರಿಗೂ ಒಂದೇ ಇತ್ತು, ನೆರಳು ಒಂದೇ ಇರಲಿಲ್ಲ ಎಂಬುದಷ್ಟೇ ನನ್ನ ಮಾತು.

ಖರ್ಚು ಇಳಿಸುವ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್‌ನಲ್ಲಿ ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ಆಮೇಲೆ ಅಧ್ಯಯನದಿಂದ ಗೊತ್ತಾಯಿತು. 2013ರಲ್ಲಿ ಆ ನಗರ ಬಿಸಿಲನ್ನು ಎದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಮುನ್ಸೂಚನೆ ಬಂದ ದಿನ ಯಾವ ಇಲಾಖೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟಿದ್ದು ಅದರ ವಿಶೇಷ. ಅದೇ ಅಹಮದಾಬಾದ್‌ನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ 'ಸೇವಾ' ಸಂಘಟನೆ ಈಗ ದುಡಿಯುವ ಮಹಿಳೆಯರಿಗೆ ಬಿಸಿಲಿನ ವಿಮೆ ಮಾಡಿಸಿದೆ. ಉಷ್ಣಾಂಶ ಗೊತ್ತುಪಡಿಸಿದ ಮಿತಿ ದಾಟಿದರೆ ಸಾಕು, ಅರ್ಜಿ ಹಾಕಬೇಕಿಲ್ಲ, ಹಣ ಬ್ಯಾಂಕ್ ಖಾತೆಗೆ ಬರುತ್ತದೆ. 2024ರಲ್ಲಿ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರದ ಸುಮಾರು 50,000 ಮಹಿಳೆಯರು ಈ ಯೋಜನೆಯಲ್ಲಿದ್ದರು. ವಿಮೆ ಎಂದರೆ ಅಪಾಯ ಹಂಚಿಕೊಳ್ಳುವುದು ಎಂದು ನಮ್ಮ ಪಠ್ಯದಲ್ಲಿ ಓದುತ್ತೇವೆ. ನಾನು ಕಂಡ ಉದಾಹರಣೆಗಳಲ್ಲಿ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಸರ್ಕಾರದ ಪುಸ್ತಕದಲ್ಲಿ ಮಾತ್ರ ಒಂದು ವಿಚಿತ್ರವಿದೆ. 15ನೇ ಹಣಕಾಸು ಆಯೋಗದ ಅವಧಿಯ ನಿಯಮಗಳಲ್ಲಿ, ವಿಪತ್ತು ನಿಧಿಯಿಂದ ನೆರವು ಕೊಡಬಹುದಾದ ರಾಷ್ಟ್ರೀಯ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ಆಲಿಕಲ್ಲು ಮಳೆ ಇತ್ತು, ಸಿಡಿಲು ಇರಲಿಲ್ಲ. ಪಟ್ಟಿಯಲ್ಲಿಲ್ಲದ ವಿಪತ್ತುಗಳಿಗೆ ರಾಜ್ಯಗಳು ತಮ್ಮ ನಿಧಿಯ ನೂರಕ್ಕೆ 10ರವರೆಗೆ ಮಾತ್ರ ಬಳಸಬಹುದಿತ್ತು. ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಸಿಡಿಲು ಆ ಪಟ್ಟಿಗೆ ಸೇರಲಿಲ್ಲ ಎಂದರೆ ಪಟ್ಟಿ ಮಾಡುವವರ ಮನೆಯಲ್ಲಿ ಯಾರೂ ಬಯಲಿನಲ್ಲಿ ಕುರಿ ಕಾಯುವವರಿಲ್ಲ ಎಂದೇ ಅರ್ಥ.

ಇಷ್ಟು ದೊಡ್ಡ ವಿಷಯದಲ್ಲಿ ಒಂದು ಪಿಯು ಕಾಲೇಜು ಏನು ಮಾಡಬಲ್ಲದು ಎಂದು ನೀವು ಕೇಳಬಹುದು. ನಾಲ್ಕು ಕೆಲಸಗಳು ನನಗೆ ಕಾಣುತ್ತಿವೆ. ಯಾವುದಕ್ಕೂ ಹೆಚ್ಚು ದುಡ್ಡು ಬೇಡ.

ಮೊದಲನೆಯದು, ಕಾಲೇಜಿನ ಗೇಟಿನ ಬಳಿ ಒಂದು ಕರಿಹಲಗೆ. ದಿನಾ ಬೆಳಿಗ್ಗೆ ಅದರ ಮೇಲೆ ನಮ್ಮ ಜಿಲ್ಲೆಯ ಬಣ್ಣ, ಗರಿಷ್ಠ ಉಷ್ಣಾಂಶ, ಗುಡುಗು ಮತ್ತು ಗಾಳಿಯ ಮುನ್ಸೂಚನೆ ಬರೆಯಬೇಕು. ಅದರ ಕೆಳಗೆ ಮಾಡಬೇಕಾದ ಒಂದು ಕೆಲಸ. ಕನ್ನಡದಲ್ಲೂ ಬರೆಯಬೇಕು, ಉರ್ದುವಿನಲ್ಲೂ ಬರೆಯಬೇಕು. ನಮ್ಮ ಮೊಹಲ್ಲಾದ ಹಿರಿಯರಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಮ್ಮ ತಲೆಮಾರಿಗೆ ಎರಡೂ ಬರುತ್ತವೆ. ಎರಡು ಭಾಷೆ ಬಲ್ಲವರು ಹೊರಬೇಕಾದ ಹೊಣೆ ಇದು. ಫೋನ್ ಇರುವವರು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹಾಕಿಕೊಳ್ಳಬಹುದು, ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ಅದು ತಿಳಿಸುತ್ತದೆ. ಫೋನ್ ಇಲ್ಲದವರು ಎಣಿಸಿದರೂ ಸಾಕು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಕೂಡಲೇ ಗಟ್ಟಿ ಛಾವಣಿಯ ಕೆಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಬೇಕು.

ಎರಡನೆಯದು, ಮಸೀದಿಯ ಮೈಕ್. ಮಗು ಕಳೆದರೆ, ಯಾರಾದರೂ ತೀರಿಕೊಂಡರೆ ಮೈಕಿನಲ್ಲಿ ಹೇಳುತ್ತಾರೆ. ಕೆಂಪು ಬಣ್ಣದ ದಿನ ಫಜ್ರ್ ನಮಾಜಿನ ನಂತರ ಒಂದು ನಿಮಿಷ ಹೇಳಿದರೆ ಕೆಲಸಕ್ಕೆ ಹೊರಡುವ ಮೊದಲೇ ಎಲ್ಲರಿಗೂ ತಿಳಿಯುತ್ತದೆ. ನಮ್ಮ ಆಡಳಿತ ಮಂಡಳಿಯ ಹಿರಿಯರು ಮಸೀದಿ ಕಮಿಟಿಗಳಿಗೆ ಈ ಮಾತು ತಲುಪಿಸಬೇಕೆಂದು ವಿನಂತಿ.

ಮೂರನೆಯದು, ಬೇಸಿಗೆ ರಜೆಯಲ್ಲಿ ನಮ್ಮ ಕಾಲೇಜಿನ ಕೆಳಗಿನ ವರಾಂಡ ಖಾಲಿ ಇರುತ್ತದೆ. ಮುಂದಿನ ರಸ್ತೆಯಲ್ಲಿ ಹಣ್ಣಿನ ಬಂಡಿಯವರು, ಆಟೊದವರು, ಚಪ್ಪಲಿ ಹೊಲಿಯುವವರು ಬಿಸಿಲಿನಲ್ಲೇ ಇರುತ್ತಾರೆ. 12ರಿಂದ 4ರವರೆಗೆ ಗೇಟು ತೆರೆದು ವರಾಂಡದಲ್ಲಿ ಕುಳಿತುಕೊಳ್ಳಲು ಬಿಡೋಣ. ಮೊಹರ್ರಮ್‌ನಲ್ಲಿ ನಾವು ಸಬೀಲ್ ಇಡುತ್ತೇವೆ. ಊರಲ್ಲಿ ಬೇಸಿಗೆಗೆ ಅರವಟಿಗೆ ಇಡುವ ಪದ್ಧತಿ ಎಲ್ಲ ಜನರಲ್ಲೂ ಇದೆ. ಎರಡು ಮಣ್ಣಿನ ಹರವಿ ನೀರು ಇಟ್ಟರೆ ಸಾಕು. ಯಾವ ಜಾತಿ, ಯಾವ ಧರ್ಮ ಎಂದು ಬಿಸಿಲು ಕೇಳುವುದಿಲ್ಲ, ನೀರೂ ಕೇಳಬಾರದು.

ನಾಲ್ಕನೆಯದು ನಮ್ಮ ವಾಣಿಜ್ಯ ವಿಭಾಗದ ಕೆಲಸ. ಪ್ರಾಜೆಕ್ಟ್‌ಗೆ ಪ್ರತಿ ವರ್ಷ ಬ್ಯಾಂಕ್ ಚಲನ್, ಚೆಕ್ ಅಂಟಿಸಿ ಕೊಡುತ್ತೇವೆ. ಈ ಸಲ 20 ವಿದ್ಯಾರ್ಥಿಗಳು ತಲಾ ಐದು ದಿನಗೂಲಿಯವರನ್ನು ಮಾತಾಡಿಸಿ, ಮಧ್ಯಾಹ್ನ ನಾಲ್ಕು ಗಂಟೆ ಕೆಲಸ ನಿಲ್ಲಿಸಿದರೆ ಎಷ್ಟು ಹೋಗುತ್ತದೆ, ಬೆಳಿಗ್ಗೆ ಬೇಗ ಶುರುವಾದರೆ ಎಷ್ಟು ಉಳಿಯುತ್ತದೆ ಎಂದು ಬರೆದುಕೊಳ್ಳೋಣ. ನೂರು ಜನರ ಲೆಕ್ಕ ಕೈಯಲ್ಲಿದ್ದರೆ ವ್ಯಾಪಾರಿಗಳ ಹತ್ತಿರ, ಹಮಾಲರ ಸಂಘದ ಹತ್ತಿರ, ಜಿಲ್ಲಾಡಳಿತದ ಹತ್ತಿರ ಹೋಗಿ ಕೆಲಸದ ಸಮಯ ಬದಲಾಯಿಸಿ ಎಂದು ಕೇಳಬಹುದು. ನಾನು ಇಲ್ಲಿ 'ಎಂದುಕೊಳ್ಳಿ' ಎಂದು ಬರೆದ ಅಂಕಿಗಳ ಜಾಗದಲ್ಲಿ ನಿಜವಾದ ಅಂಕಿಗಳು ಬರಬೇಕು. ಮೊದಲ ಐದು ಮನೆಗಳನ್ನು ನಾನು ಈಗಾಗಲೇ ಗುರುತು ಮಾಡಿಕೊಂಡಿದ್ದೇನೆ.

ಹವಾಮಾನ ಇಲಾಖೆ ತನ್ನ ಕೆಲಸ ಮಾಡುತ್ತಿದೆ. ನಾಳೆ ಬೆಳಿಗ್ಗೆಯೂ ಬುಲೆಟಿನ್ ಬರುತ್ತದೆ. ಅದನ್ನು ಹಲಗೆಯ ಮೇಲೆ ಬರೆಯಲು ಒಂದು ಸೀಮೆಸುಣ್ಣ ಸಾಕು. ಗೇಟು ತೆರೆಯಲು ಆಡಳಿತ ಮಂಡಳಿಯ ಒಂದು ನಿರ್ಧಾರ ಸಾಕು. ಸಮೀಕ್ಷೆಗೆ ಇನ್ನು 19 ಜನ ಬೇಕು. ಹೆಸರು ಕೊಡುವವರು ವಾಣಿಜ್ಯ ವಿಭಾಗದ ಸೂಚನಾ ಫಲಕದ ಪಕ್ಕದಲ್ಲಿರುವ ಹಾಳೆಯಲ್ಲಿ ಬರೆಯಿರಿ.